ಸಾವಿರ ಕೈ ದಾಟಿ ಬಂದ ನಾಣ್ಯಕ್ಕೆ ನಿಮ್ಮ ಕೈ ಭಾರವೇ?

ಪ್ರಶ್ನೆ: ನನ್ನ ಬಳಿ ಸುಮಾರು 140 ಹಳೆಯ ನಾಣ್ಯಗಳಿವೆ. ಮುಕ್ಕಾಲು ಪಾಲು ತಾಮ್ರ ಮತ್ತು ಕಂಚಿನವು, ಉಳಿದವು ಬೆಳ್ಳಿಯವು. ಎಲ್ಲವೂ ಚೆನ್ನಾಗಿ ಸವೆದಿವೆ. ಕೆಲವುಗಳ ಇಸವಿಯನ್ನು ಓರೆ ಬೆಳಕಿಗೆ ಹಿಡಿದು ಊಹಿಸಬೇಕು. ಬಿಡುವಾದಾಗ ತೆಗೆದು, ಕೈಯಲ್ಲಿ ಹಿಡಿದು ತಿರುವಿ ನೋಡುವುದೇ ನನಗೆ ಸಂತೋಷ. ಇದನ್ನು ಕಂಡ ಹಿರಿಯ ಸಂಗ್ರಾಹಕರೊಬ್ಬರು ಬರಿಗೈಯಲ್ಲಿ ಮುಟ್ಟಿ ಹಾಳು ಮಾಡುತ್ತಿದ್ದೀರಿ ಎಂದು ಗದರಿದರು. ಹತ್ತಿಯ ಕೈಗವಸು ತಂದೆ. ಎರಡನೆಯ ದಿನವೇ ಒಂದು ನಾಣ್ಯ ಜಾರಿ ನೆಲಕ್ಕೆ ಬಿದ್ದು ಅಂಚು ನೆಗ್ಗಿತು. ಇಷ್ಟು ವರ್ಷ ಯಾರ ಯಾರದೋ ಕೈಯಲ್ಲಿ ಓಡಾಡಿದ ನಾಣ್ಯಕ್ಕೆ ಈಗ ನನ್ನ ಕೈ ತಾಗಿದರೆ ಏನಾಗುತ್ತದೆ? ಒಂಬತ್ತು ವರ್ಷದ ಮಗಳೂ ಜೊತೆಗೆ ಕೂರುತ್ತಾಳೆ. ಇನ್ನೊಂದು ಮಾತು: ಒಂದು ಕಂಚಿನ ನಾಣ್ಯದ ಮೇಲೆ ತಿಳಿಹಸಿರು ಚುಕ್ಕೆಗಳಿವೆ. ಒರೆಸಿದರೆ ಹೋಗುತ್ತವೆ, ಮತ್ತೆ ಬರುತ್ತವೆ.

ಉತ್ತರ: ನಿಮ್ಮನ್ನು ಗದರಿದವರ ಮಾತು ಸರಿ, ಆದರೆ ಅದು ನಿಮ್ಮ ನಾಣ್ಯಗಳಿಗೆ ಸಲ್ಲುವ ಮಾತಲ್ಲ. ಚಲಾವಣೆಗೇ ಬಾರದ, ಟಂಕಸಾಲೆಯಿಂದ ಬಂದ ಹೊಳಪು ಹಾಗೆಯೇ ಉಳಿದಿರುವ ನಾಣ್ಯವನ್ನು ನೀವು ಹಾಗೆ ತಿರುವಿ ನೋಡುತ್ತಿದ್ದರೆ ನಾನೂ ಗದರುತ್ತಿದ್ದೆ. ಸವೆದ ನಾಣ್ಯದ ವಿಷಯ ಬೇರೆ. ಅದನ್ನು ಬರಿಗೈಯಲ್ಲಿ ಹಿಡಿಯಬಹುದು, ನಾನೂ ಹಿಡಿಯುತ್ತೇನೆ. ಆದರೆ ನಿಮ್ಮ 140 ನಾಣ್ಯಗಳಲ್ಲಿ ಕೆಲವಕ್ಕೆ ಈ ಮಾತು ಅನ್ವಯಿಸಲಾರದು. ಆ ಹಸಿರು ಚುಕ್ಕೆಯ ನಾಣ್ಯಕ್ಕಂತೂ ಖಂಡಿತ ಇಲ್ಲ. ಅದರ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಹೊಸ ನಾಣ್ಯಕ್ಕೆ ಅಷ್ಟೊಂದು ಭಯ ಏಕೆ ಎಂಬುದನ್ನು ನೋಡೋಣ. ಅಚ್ಚಿನ ಏಟು ಬಿದ್ದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವು ನಾಣ್ಯದ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳನ್ನು ಬಿಡುತ್ತದೆ. ಹೊಸ ನಾಣ್ಯವನ್ನು ಬೆಳಕಿನಲ್ಲಿ ಓರೆ ಮಾಡಿ ತಿರುಗಿಸಿದಾಗ ಚಕ್ರದ ಅರಗಳಂತೆ ಸುತ್ತುವ ಹೊಳಪು ಕಾಣುತ್ತದಲ್ಲ, ಅದು ಈ ಗೆರೆಗಳ ಆಟ. ಬೆರಳಿನ ಬೆವರಿನಲ್ಲಿ ಉಪ್ಪಿದೆ, ಲ್ಯಾಕ್ಟಿಕ್ ಆಮ್ಲವಿದೆ, ಯೂರಿಯಾ ಇದೆ; ಮುಖವನ್ನೋ ತಲೆಯನ್ನೋ ಮುಟ್ಟಿದ ಬೆರಳಾದರೆ ಚರ್ಮದ ಜಿಡ್ಡೂ ಇದೆ. ಉಪ್ಪಿನ ಕ್ಲೋರೈಡ್ ತಾಮ್ರವನ್ನು ನಿಧಾನವಾಗಿ ಕೊರೆಯುತ್ತದೆ, ಜಿಡ್ಡಿನ ಕೊಬ್ಬಿನ ಆಮ್ಲಗಳು ತಾಮ್ರದೊಂದಿಗೆ ಸೇರಿ ಹಸಿರು ಮೇಣದಂಥ ವಸ್ತುವಾಗುತ್ತವೆ. ಆ ಸೂಕ್ಷ್ಮ ಗೆರೆಗಳ ಮೇಲೆ ಬೆರಳಚ್ಚು ಒಮ್ಮೆ ಕೊರೆದು ಕೂತರೆ ಮತ್ತೆ ಎದ್ದು ಹೋಗುವುದಿಲ್ಲ.

ಇದನ್ನು ನಾನು ಕಲಿತದ್ದು ಕಷ್ಟಪಟ್ಟು. ಸಂಗ್ರಹ ಶುರುಮಾಡಿದ ಹೊಸತರಲ್ಲಿ ಕೆಂಪಗೆ ಹೊಳೆಯುವ ತಾಮ್ರದ ನಾಣ್ಯವೊಂದನ್ನು ಗೆಳೆಯನ ಕೈಗೆ ಕೊಟ್ಟಿದ್ದೆ. ಅವನು ನೋಡಿದ, ಮೆಚ್ಚಿದ, ಹಿಂದಿರುಗಿಸಿದ. ನಾನು ಆಲ್ಬಮ್‌ಗೆ ಸೇರಿಸಿ ಮುಚ್ಚಿಟ್ಟೆ. ಎರಡು ವರ್ಷದ ಮೇಲೆ ತೆರೆದಾಗ ನಾಣ್ಯದ ಮೇಲೆ ಅವನ ಹೆಬ್ಬೆರಳು ಗೆರೆಗೆರೆಯಾಗಿ ಮೂಡಿತ್ತು, ಗುರುತಿನ ಚೀಟಿಗೆ ಒತ್ತಿದಷ್ಟು ಸ್ಪಷ್ಟವಾಗಿ. ಮುಟ್ಟಿದ ದಿನ ಏನೂ ಕಂಡಿರಲಿಲ್ಲ.

ಮುಟ್ಟಿದ ದಿನ ಏನೂ ಕಾಣುವುದಿಲ್ಲ ಎಂಬಲ್ಲೇ ನಿಮ್ಮ ಪ್ರಶ್ನೆಗೆ ಉತ್ತರವಿದೆ. ಚಲಾವಣೆಯಲ್ಲಿದ್ದಾಗ ನಾಣ್ಯವನ್ನು ದಿನವೂ ಮುಟ್ಟುತ್ತಿದ್ದರು, ನಿಜ. ಆದರೆ ಒಬ್ಬರು ಅಂಟಿಸಿದ ಬೆವರನ್ನು ಮುಂದಿನವರ ಬೆರಳು, ಜೇಬಿನ ಬಟ್ಟೆ, ಪಕ್ಕದ ನಾಣ್ಯ ಒರೆಸಿ ಹಾಕುತ್ತಿದ್ದವು. ಎಲ್ಲೂ ಒಂದೇ ಕಡೆ ಉಪ್ಪು ಕೂತು ಕೆಲಸ ಮಾಡಲು ಪುರುಸೊತ್ತು ಸಿಗಲಿಲ್ಲ. ಬದಲಿಗೆ ಮೈಯೆಲ್ಲ ಸಮವಾಗಿ ಬಣ್ಣ ತಿರುಗಿ, ತಾಮ್ರದ ಆಕ್ಸೈಡಿನ ಕಂದು ಹೊದಿಕೆಯೊಂದು ಬೆಳೆಯಿತು. ಆ ಹೊದಿಕೆಯೇ ಈಗ ಒಳಗಿನ ಲೋಹಕ್ಕೆ ಕಾವಲು. ಹೊಳಪಿನ ಗೆರೆಗಳು ಹೋಗಿ ಎಷ್ಟೋ ಕಾಲವಾಯಿತು. ಕಳೆದುಕೊಳ್ಳಲು ಅದರ ಬಳಿ ಅಂಥದ್ದೇನೂ ಉಳಿದಿಲ್ಲ. ನಿಮ್ಮ ಸಂಗ್ರಹಕ್ಕೆ ಬಂದ ಮೇಲೆ ಬದಲಾದದ್ದು ಒಂದೇ: ಅದೀಗ ವಿಶ್ರಾಂತಿಯಲ್ಲಿದೆ. ಇಂದು ಮುಟ್ಟಿ ಮುಚ್ಚಿಟ್ಟರೆ ಮುಂದಿನ ಆರು ತಿಂಗಳು ಆ ಬೆವರನ್ನು ಒರೆಸುವವರು ಯಾರೂ ಇಲ್ಲ. ಹಾಗಾಗಿ ನಾನು ಹೆದರುವುದು ಮುಟ್ಟುವುದಕ್ಕಲ್ಲ, ಒದ್ದೆ ಬೆರಳಿನಿಂದ ಮುಟ್ಟಿ ಮರೆತುಬಿಡುವುದಕ್ಕೆ.

ಕೈಯೂ ನಾಣ್ಯವೂ ಸುಮ್ಮನೆ ತಾಗಿ ಬೇರೆಯಾಗುವುದಿಲ್ಲ ಎಂಬುದಕ್ಕೆ ನಿಮ್ಮ ಮೂಗೇ ಸಾಕ್ಷಿ. ಹಳೆಯ ನಾಣ್ಯಗಳನ್ನು ಎಣಿಸಿದ ಮೇಲೆ ಬೆರಳಿಗೆ ಒಂದು ವಾಸನೆ ಅಂಟುತ್ತದೆ; ನಾವು ಅದನ್ನು ಲೋಹದ ವಾಸನೆ ಎನ್ನುತ್ತೇವೆ. ಸಾಮಾನ್ಯ ಉಷ್ಣತೆಯಲ್ಲಿ ತಾಮ್ರವಾಗಲಿ ಕಬ್ಬಿಣವಾಗಲಿ ಆವಿಯಾಗಿ ಮೂಗಿಗೆ ಬರುವುದಿಲ್ಲ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಬ್ಬಿಣ ಮುಟ್ಟಿದಾಗಿನ ವಾಸನೆಯ ಮೂಲವನ್ನು ಬಿಡಿಸಿಟ್ಟಿತು: ಬೆವರು ಲೋಹವನ್ನು ತುಸು ಕರಗಿಸುತ್ತದೆ, ಕರಗಿದ ಲೋಹ ನಮ್ಮದೇ ಚರ್ಮದ ಜಿಡ್ಡನ್ನು ಒಡೆಯುತ್ತದೆ, ಆಗ ಹುಟ್ಟುವ ಸಂಯುಕ್ತಗಳ ವಾಸನೆ ಅದು. ಅಂದರೆ ನೀವು ಮೂಸುತ್ತಿರುವುದು ನಿಮ್ಮನ್ನೇ. ವಾಸನೆ ಜೋರಾಗಿ ಬಂದ ದಿನ ಕೈ ಒದ್ದೆಯಾಗಿತ್ತು ಎಂದು ತಿಳಿಯಿರಿ.

ಇನ್ನು ಹಿಡಿಯುವ ರೀತಿ. ಸೋಪಿನಿಂದ ಕೈ ತೊಳೆದು ಪೂರ್ತಿ ಒಣಗಿಸಿಕೊಳ್ಳಿ. ‘ಪೂರ್ತಿ’ ಎಂಬ ಪದದ ಕೆಳಗೆ ಗೆರೆ ಎಳೆಯಿರಿ; ತೊಳೆದ ಕೂಡಲೇ ಓಡಿ ಬಂದು ನಾಣ್ಯ ಎತ್ತುವವರನ್ನು ಬಹಳ ಕಂಡಿದ್ದೇನೆ. ಕ್ರೀಮು ಹಚ್ಚಿದ ಕೈ ಬೇಡ. ಸ್ಯಾನಿಟೈಸರ್ ಸಾಕು ಎಂದುಕೊಳ್ಳಬೇಡಿ, ಅದರ ಆಲ್ಕೋಹಾಲ್ ಹಾರಿಹೋದರೂ ಗ್ಲಿಸರಿನ್ ಬೆರಳಿನ ಮೇಲೆ ಉಳಿಯುತ್ತದೆ. ಮೇಜಿನ ಮೇಲೆ ದಪ್ಪನೆಯ ಮೆತ್ತನೆಯ ಬಟ್ಟೆ ಹಾಸಿ, ಅದರಿಂದ ಒಂದು ಗೇಣಿಗಿಂತ ಮೇಲೆ ನಾಣ್ಯವನ್ನು ಎತ್ತದೆ ನೋಡಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಅಂಚನ್ನು ಹಿಡಿಯಿರಿ. ಸವೆದದ್ದಾದರೂ ಅಂಚನ್ನೇ ಹಿಡಿಯುವ ಅಭ್ಯಾಸ ಒಳ್ಳೆಯದು, ಏಕೆಂದರೆ ಬೆರಳಿಗೆ ಇದು ಸವೆದದ್ದು, ಇದು ಹೊಸತು ಎಂಬ ಭೇದ ತಿಳಿಯದು; ಒಂದಕ್ಕೆ ರೂಢಿಯಾದದ್ದನ್ನೇ ಎಲ್ಲಕ್ಕೂ ಮಾಡುತ್ತದೆ. ನಾಣ್ಯದ ಮೇಲೆ ಬಾಗಿ ಮಾತಾಡಬೇಡಿ. ಎಂಜಲಿನ ಸಣ್ಣ ಹನಿ ತಾಮ್ರದ ಮೇಲೆ ಕಪ್ಪು ಚುಕ್ಕೆಯಾಗಿ ಉಳಿಯುತ್ತದೆ. ಅಂಥ ಚುಕ್ಕೆಗಳಿಗೆ ಎಷ್ಟೋ ಸಲ ಬೆರಳಿಗಿಂತ ಬಾಯಿಯೇ ಕಾರಣ.

ಹಿಡಿಯುವುದು ಬೇರೆ, ಉಜ್ಜುವುದು ಬೇರೆ. ಯೋಚನೆಯಲ್ಲಿ ಮುಳುಗಿದಾಗ ಹೆಬ್ಬೆರಳು ತಾನಾಗಿಯೇ ನಾಣ್ಯದ ಮುಖವನ್ನು ಸವರತೊಡಗುತ್ತದೆ. ಚರ್ಮ ಮೃದು, ಅದು ಗೀರುವುದಿಲ್ಲ. ನಡುವೆ ಸಿಕ್ಕ ದೂಳು ಗೀರುತ್ತದೆ. ಸವೆದ ಬೆಳ್ಳಿಯ ನಾಣ್ಯದ ಅಂದವೆಲ್ಲ ಉಬ್ಬು ಮಾಸಲು ಬಿಳುಪಾಗಿ, ತಗ್ಗು ಕಪ್ಪಾಗಿ ನಿಂತ ವ್ಯತ್ಯಾಸದಲ್ಲಿದೆ. ಗಾಳಿಯಲ್ಲಿನ ಗಂಧಕದ ಅಂಶ ಬೆಳ್ಳಿಯೊಡನೆ ಸೇರಿ ಹುಟ್ಟಿದ ಆ ಕಪ್ಪಿನಿಂದಲೇ ಅಕ್ಷರಗಳು ಓದಲು ಬರುತ್ತವೆ. ಪಾಲಿಶ್ ಹಾಕಿ ಎಲ್ಲವನ್ನೂ ಬೆಳ್ಳಗೆ ಮಾಡಿದರೆ ಉಳಿಯುವುದು ಹೊಳೆಯುವ ಒಂದು ಬಿಲ್ಲೆ, ಅಷ್ಟೇ.

ಕೈಗವಸಿನ ಬಗ್ಗೆ ನಿಮ್ಮ ಅನುಭವವೇ ಪಾಠ. ಹತ್ತಿಯ ಕೈಗವಸು ಚಿತ್ರದಲ್ಲಿ ಗಂಭೀರವಾಗಿ ಕಾಣುತ್ತದೆ, ಕೆಲಸಕ್ಕೆ ಬಾರದು. ಬೆವರನ್ನು ಹೀರಿಕೊಂಡು ಇನ್ನೊಂದು ಕಡೆಯಿಂದ ನಾಣ್ಯಕ್ಕೆ ದಾಟಿಸುತ್ತದೆ, ಎಳೆ ಬಿಡುತ್ತದೆ, ದೂಳು ಹಿಡಿದಿಟ್ಟುಕೊಳ್ಳುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಬೆರಳಿನ ಅರಿವನ್ನೇ ಕಸಿಯುತ್ತದೆ. ಬೆವರಿನಿಂದ ಆಗುವ ಹಾನಿಗೆ ತಿಂಗಳುಗಳು ಬೇಕು. ಜಾರಿ ಬೀಳುವ ನಾಣ್ಯಕ್ಕೆ ಅರ್ಧ ಸೆಕೆಂಡ್ ಸಾಕು. ಹಳೆಯ ಹಸ್ತಪ್ರತಿಗಳ ವಿಷಯದಲ್ಲೂ ಇದೇ ಕಾರಣಕ್ಕೆ ಅನೇಕ ಗ್ರಂಥಾಲಯಗಳು ಇಂದು ಕೈಗವಸಿಗಿಂತ ಶುದ್ಧವಾದ ಒಣ ಕೈಯೇ ಮೇಲು ಎನ್ನುತ್ತವೆ. ಕೈ ವಿಪರೀತ ಬೆವರುವವರಿಗೆ, ಅಥವಾ ಹೊಳಪಿನ ನಾಣ್ಯ ಮುಟ್ಟಲೇಬೇಕಾದಾಗ, ಬೆರಳಿಗೆ ಬಿಗಿಯಾಗಿ ಕೂರುವ, ಪುಡಿ ಹಾಕದ ನೈಟ್ರೈಲ್ (ಕೃತಕ ರಬ್ಬರ್) ಕೈಗವಸು ಇರಲಿ. ಲೇಟೆಕ್ಸ್ ಬೇಡ, ಅದರಲ್ಲಿನ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ.

ಬೆರಳಿನ ಅರಿವು ಎಂದೆನಲ್ಲ, ಅದನ್ನು ಕಡೆಗಣಿಸಬೇಡಿ. ಅಚ್ಚೊತ್ತಿದ ನಾಣ್ಯಕ್ಕೂ ಎರಕ ಹೊಯ್ದ ನಕಲಿಗೂ ಇರುವ ಅಂತರವನ್ನು ಕಣ್ಣಿಗಿಂತ ಮೊದಲು ಬೆರಳು ಹೇಳುವುದುಂಟು. ಎರಕದ ನಕಲಿ ಮುಟ್ಟಲು ಸೋಪಿನಂತೆ ನುಣುಪು. ಅಂಚಿನ ಸುತ್ತ ಎರಡು ಅಚ್ಚು ಕೂಡಿದ ಗೆರೆ, ಅರದಿಂದ ಉಜ್ಜಿ ಮರೆಮಾಡಿದ್ದರೂ, ಉಗುರಿಗೆ ತಗಲುತ್ತದೆ. ತೂಕ ತಪ್ಪಿದ್ದರೆ ಅಂಗೈ ಹೇಳುತ್ತದೆ. ಕೈಗವಸು ಹಾಕಿದವರಿಗೆ ಇದ್ಯಾವುದೂ ಗೊತ್ತಾಗದು. ಸವೆದ ನಾಣ್ಯಗಳು ಈ ಕಲಿಕೆಗೆ ಒಳ್ಳೆಯ ಗುರು. ಹೊಳಪಿನ ನಾಣ್ಯಗಳು ಪ್ಲಾಸ್ಟಿಕ್ ಪೆಟ್ಟಿಗೆಯೊಳಗಿದ್ದು ನೋಡಿಸಿಕೊಳ್ಳುತ್ತವೆ, ಅಷ್ಟೇ.

ಸವೆತವನ್ನೇ ಹುಡುಕಿ ಹೋಗುವವರೂ ಇದ್ದಾರೆ. ಅಮೆರಿಕದ ನಾಣ್ಯತಜ್ಞ ವಿಲಿಯಂ ಶೆಲ್ಡನ್ 1949ರಲ್ಲಿ ರೂಪಿಸಿದ ಅಳತೆಗೋಲಿನಲ್ಲಿ ನಾಣ್ಯದ ಸ್ಥಿತಿಗೆ 1ರಿಂದ 70ರವರೆಗೆ ಅಂಕ. 70 ಎಂದರೆ ಕುಂದಿಲ್ಲದ್ದು. 1 ಎಂದರೆ ಇದು ಯಾವ ನಾಣ್ಯ ಎಂದು ಗುರುತಿಸಲಷ್ಟೇ ಆಗುವಂಥದ್ದು. ಎಲ್ಲರೂ 70ರ ಬೆನ್ನು ಹತ್ತಿದಾಗ, ಒಂದು ಗುಂಪು ಹಟ ಹಿಡಿದು 1ನ್ನೇ ಸಂಗ್ರಹಿಸುತ್ತದೆ. ಇನ್ನು ಕೆಲವರು ಒಂದು ನಾಣ್ಯವನ್ನು ವರ್ಷಗಟ್ಟಲೆ ಜೇಬಿನಲ್ಲಿಟ್ಟುಕೊಂಡು ಬೇಕೆಂದೇ ಸವೆಸುತ್ತಾರೆ. ನಿಮ್ಮದು 4, 6, 8ರ ಆಸುಪಾಸಿನ ನಾಣ್ಯಗಳು ಎಂದು ನೀವು ಬರೆದದ್ದರಿಂದ ಊಹಿಸುತ್ತೇನೆ. ಶುದ್ಧವಾದ ಒಣ ಬೆರಳಿನಿಂದ ಹಿಡಿದು ನೋಡಿದ್ದಕ್ಕೆ 8 ಇದ್ದದ್ದು 6 ಆಗುವುದಿಲ್ಲ.

ಈಗ ಬರಿಗೈ ಸಲ್ಲದ ನಾಣ್ಯಗಳು. ಹಿಂದೆಂದೋ ಯಾರೋ ತಿಕ್ಕಿ ತೊಳೆದಿದ್ದ ತಾಮ್ರ ಮೊದಲನೆಯದು. ಸವೆದಿದ್ದರೂ ಅಸಹಜವಾಗಿ ಗುಲಾಬಿ ಕೆಂಪಗೆ ಕಾಣುತ್ತಿದ್ದರೆ ಅದರ ಕಂದು ಕಾವಲು ಹೋಗಿದೆ ಎಂದರ್ಥ. ಬರಿ ಲೋಹ ಬೆರಳಚ್ಚಿಗಾಗಿ ಕಾದು ಕೂತಿರುತ್ತದೆ. ಸವೆತದ ಅಂಕ ಎಷ್ಟೇ ಇರಲಿ, ಇದನ್ನು ಹೊಸ ನಾಣ್ಯದಂತೆಯೇ ಕಾಣಬೇಕು.

ಲೇಪನದ ನಾಣ್ಯಗಳದ್ದು ಇನ್ನೊಂದು ಕಥೆ. ಅಮೆರಿಕದ 1943ರ ಸೆಂಟ್ ಉಕ್ಕಿನದು, ಮೇಲೆ ಸತುವಿನ ತೆಳು ಪದರ. ಸವೆದಲ್ಲಿ ಸತು ಹೋಗಿ ಉಕ್ಕು ಹೊರಬಿದ್ದಿದ್ದರೆ ಬೆವರು ತಾಗಿದ ಕಡೆ ತುಕ್ಕು ಹಿಡಿಯುತ್ತದೆ. ಕ್ರಿ.ಶ. ಮೂರನೆಯ ಶತಮಾನದ ರೋಮನ್ ನಾಣ್ಯಗಳಲ್ಲಿ ಅನೇಕವು ಕಂಚಿನಂಥ ಮೈಯ ಮೇಲೆ ಬೆಳ್ಳಿಯ ಛಾಯೆ ಹೊತ್ತವು. ಆ ಛಾಯೆ ಎಷ್ಟು ತೆಳು ಎಂದರೆ ಸವರುವ ಹೆಬ್ಬೆರಳಿಗೇ ಒಂದಿಷ್ಟು ಹೋಗುತ್ತದೆ. ಬಹಳ ಪುರಾತನ ಬೆಳ್ಳಿ ನಾಣ್ಯಗಳು ನೋಡಲು ಗಟ್ಟಿ, ಒಳಗೆ ಬಿಸ್ಕತ್ತಿನಷ್ಟು ಪೆಡಸು. ಅವನ್ನು ಎಂದೂ ಮೇಜಿನ ಮೇಲೆ ಟಣ್ ಎನಿಸಿ ಪರೀಕ್ಷಿಸಬೇಡಿ. ಇನ್ನು ಮಳೆಯಲ್ಲಿ ನೆನೆದ ಸುಣ್ಣದ ಗೋಡೆಯಂತೆ ಬಿಳಿಪುಡಿ ಉದುರುವ ಬೂದು ನಾಣ್ಯ ಸೀಸದ್ದಿರಬಹುದು. ಇದನ್ನು ಮುಟ್ಟಬೇಡಿ ಎನ್ನುವುದು ನಾಣ್ಯಕ್ಕಾಗಿ ಅಲ್ಲ, ನಿಮಗಾಗಿ.

ಮಗಳ ಮಾತು ಬಂತು. ಅವಳು ಕೂರಲಿ, ಮುಟ್ಟಲಿ; ಹಾಗೆ ಮುಟ್ಟಿಯೇ ನಾಳೆಯ ಸಂಗ್ರಾಹಕರು ಹುಟ್ಟುವುದು. ಗಟ್ಟಿಯಾದ, ಚೆನ್ನಾಗಿ ಸವೆದ, ಕಂದು ಬಣ್ಣ ಸಮವಾಗಿರುವ ಹತ್ತು ಹನ್ನೆರಡು ನಾಣ್ಯಗಳನ್ನು ಅವಳದೇ ಎಂದು ಬೇರೆ ಮಾಡಿ. ಮಧ್ಯದಲ್ಲಿ ಬೆರಳು ಬಾಯಿಗೆ ಹೋಗಬಾರದು, ಮುಗಿದ ಮೇಲೆ ಇಬ್ಬರೂ ಸೋಪಿನಿಂದ ಕೈ ತೊಳೆಯಬೇಕು. ತಾಮ್ರದ ಮೇಲೆ ರೋಗಾಣುಗಳು ಹೆಚ್ಚು ಹೊತ್ತು ಬದುಕುವುದಿಲ್ಲ ಎಂಬುದು ನಿಜ, ಆದರೆ ನಾಣ್ಯದ ತಗ್ಗುಗಳಲ್ಲಿ ತುಂಬಿರುವ ಕೊಳೆಗೂ ಸೀಸಕ್ಕೂ ಆ ಸಮಾಧಾನ ಅನ್ವಯಿಸದು. ಕಿವಿಯೋಲೆಗೋ ಬೆಲ್ಟಿನ ಕೊಂಡಿಗೋ ಅವಳ ಚರ್ಮ ಕೆರೆಯುವುದಿದ್ದರೆ ನಿಕ್ಕಲ್ ಇರುವ ನಾಣ್ಯಗಳನ್ನು ಕೊಡಬೇಡಿ. ಬೆಳ್ಳಿಯಂತೆ ಕಾಣುವ ಎಷ್ಟೋ ನಾಣ್ಯಗಳು ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕ್ಕಲ್ ಬೆರೆತವು.

ತಪ್ಪಿ ಹೊಳಪಿನ ನಾಣ್ಯಕ್ಕೆ ಬೆರಳು ತಾಗಿತೆನ್ನಿ. ಬಟ್ಟೆಯಿಂದ ಒರೆಸಬೇಡಿ. ಅಂದೇ ಗಾಜಿನ ಬಟ್ಟಲಲ್ಲಿ ಡಿಸ್ಟಿಲ್ಡ್ ನೀರು ಹಾಕಿ ಕೆಲವು ನಿಮಿಷ ಮುಳುಗಿಸಿಡಿ. ಉಪ್ಪು ಕರಗುವುದು ನೀರಿನಲ್ಲಿ. ಆಮೇಲೆ ಇನ್ನೊಂದು ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನ್. ಜಿಡ್ಡು ಕರಗುವುದು ಅದರಲ್ಲಿ. ಅನೇಕರು ಅಸಿಟೋನ್ ಒಂದನ್ನೇ ಬಳಸಿ, ಜಿಡ್ಡು ತೆಗೆದು ಉಪ್ಪನ್ನು ಅಲ್ಲೇ ಬಿಡುತ್ತಾರೆ. ಹೊರತೆಗೆದು ತಾನಾಗಿ ಒಣಗಲು ಬಿಡಿ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಬಣ್ಣ, ಎಣ್ಣೆ, ಸುಗಂಧ ಬೆರೆತಿರುತ್ತವೆ, ಅದು ಬೇಡ. ಅಸಿಟೋನ್ ಬೇಗ ಬೆಂಕಿ ಹಿಡಿಯುತ್ತದೆ: ಕಿಟಕಿ ತೆರೆದಿರಲಿ, ಹತ್ತಿರ ಉರಿ ಇರದಿರಲಿ, ಮಗಳು ಆ ಹೊತ್ತಿಗೆ ಬೇರೆ ಕೋಣೆಯಲ್ಲಿರಲಿ. ಹಳೆಯ ಬೆರಳಚ್ಚು ಕೊರೆದು ಕೂತಿದ್ದರೆ ಇದ್ಯಾವುದೂ ಕೆಲಸ ಮಾಡದು. ಹುಳಿ ಪದಾರ್ಥ ಹಾಕಿ ಉಜ್ಜಿದರೆ ಬೆರಳಚ್ಚಿನ ಜೊತೆಗೆ ನಾಣ್ಯದ ಮೈಯೂ ಹೋಗುತ್ತದೆ.

ಇಡುವ ಜಾಗ ಕೈಗಿಂತ ದೊಡ್ಡ ಶತ್ರುವಾಗಬಲ್ಲದು. ಮೆತ್ತಗೆ ಬಾಗುವ, ಹೊಸ ರೇನ್‌ಕೋಟಿನ ವಾಸನೆ ಬರುವ ಅಗ್ಗದ ಪ್ಲಾಸ್ಟಿಕ್ ಜೇಬುಗಳು ಪಿವಿಸಿಯವು. ಅವು ವರ್ಷಗಳು ಕಳೆದಂತೆ ಒಡೆದು ನಾಣ್ಯಕ್ಕೆ ಅಂಟಂಟಾದ ಹಸಿರು ಲೋಳೆ ಮೆತ್ತುತ್ತವೆ. ನೀವು ಬರಿಗೈಯಲ್ಲಿ ವರ್ಷಪೂರ್ತಿ ಮಾಡಲಾಗದ ಹಾನಿಯನ್ನು ಅದು ಸದ್ದಿಲ್ಲದೆ ಮಾಡಿ ಮುಗಿಸುತ್ತದೆ. ಪಾಲಿಯೆಸ್ಟರ್ ಜೇಬುಗಳಿಗೆ ಬದಲಾಯಿಸಿ. ಗರಿಗರಿ ಸದ್ದು ಮಾಡುವುದು, ವಾಸನೆ ಇಲ್ಲದಿರುವುದು ಅವುಗಳ ಗುರುತು.

ಕೊನೆಗೆ ಆ ಹಸಿರು ಚುಕ್ಕೆಯ ಕಂಚಿನ ನಾಣ್ಯ. ಎಲ್ಲ ಹಸಿರೂ ರೋಗವಲ್ಲ. ಗಟ್ಟಿಯಾಗಿ, ನುಣುಪಾಗಿ, ಕಡು ಬಣ್ಣದಲ್ಲಿ ಮೈಗೆ ಹತ್ತಿಕೊಂಡಿರುವ ಹಸಿರು ಸ್ಥಿರವಾದ ಹೊದಿಕೆ; ಅದನ್ನು ತೆಗೆಯಲು ಹೋಗುವುದೇ ಅಪರಾಧ. ಆದರೆ ನೀವು ಬರೆದ ಹಾಗೆ ತಿಳಿಹಸಿರಾಗಿ, ಪುಡಿಯಾಗಿ, ಒರೆಸಿದರೆ ಹೋಗಿ ಮತ್ತೆ ಬರುವ ಕಿಲುಬು ಬೇರೆಯದೇ ಜಾತಿ. ಸಂಗ್ರಾಹಕರು ಇದನ್ನು ಕಂಚಿನ ರೋಗ ಎನ್ನುತ್ತಾರೆ. ಹೆಚ್ಚಾಗಿ ಮಣ್ಣಿನಲ್ಲಿ ಹೂತಿದ್ದ ಕಾಲದಲ್ಲಿ ಒಳಹೊಕ್ಕ ಕ್ಲೋರೈಡ್, ತಾಮ್ರದ ಕ್ಲೋರೈಡಾಗಿ ಮೇಲ್ಮೈಯ ಅಡಿಯಲ್ಲಿ ಅಡಗಿರುತ್ತದೆ. ತೇವವೂ ಗಾಳಿಯೂ ಸಿಕ್ಕ ಕೂಡಲೇ ಅದು ಹಸಿರು ಪುಡಿಯಾಗಿ ಉಬ್ಬುತ್ತದೆ, ಜೊತೆಗೆ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತದೆ, ಆ ಆಮ್ಲ ಇನ್ನಷ್ಟು ತಾಮ್ರವನ್ನು ತಿಂದು ಮತ್ತೆ ಕ್ಲೋರೈಡ್ ಆಗುತ್ತದೆ. ನೀವು ಒರೆಸುತ್ತಿರುವುದು ಹೊಗೆಯನ್ನು, ಬೆಂಕಿ ಕೆಳಗಿದೆ. ಇದಕ್ಕೆ ನಿಮ್ಮ ಕೈ ಮೂಲವಲ್ಲದಿರಬಹುದು, ಆದರೆ ಕೈಯ ಉಪ್ಪು ಮತ್ತು ತೇವ ಇದಕ್ಕೆ ಬೇಕಾದ ಮೇವು.

ಇಂದೇ ಅದನ್ನು ಉಳಿದವುಗಳಿಂದ ಬೇರೆ ಮಾಡಿ. ಈ ರೋಗ ಜ್ವರದಂತೆ ಹರಡುವುದಿಲ್ಲ, ಆದರೂ ಕ್ಲೋರೈಡಿನ ಪುಡಿ ಪಕ್ಕದ ನಾಣ್ಯದ ಮೇಲೆ ಬೀಳುವುದು ಬೇಡ. ಗಾಳಿಯಾಡದ ಸಣ್ಣ ಡಬ್ಬಿಯಲ್ಲಿ ಒಣಗಿದ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ, ಅದರೊಳಗೆ ಕಪ್ಪು ಕಾಗದದ ಮೇಲೆ ನಾಣ್ಯವನ್ನಿಡಿ. ಸಾಪೇಕ್ಷ ಆರ್ದ್ರತೆ ಶೇಕಡ 40ಕ್ಕಿಂತ ಕೆಳಗಿದ್ದರೆ ಈ ಕ್ರಿಯೆ ಬಹುಮಟ್ಟಿಗೆ ನಿಲ್ಲುತ್ತದೆ. ಸಾಧ್ಯವಾದರೆ ಆರ್ದ್ರತೆ ತೋರಿಸುವ ಬಣ್ಣದ ಚೀಟಿಯೊಂದನ್ನೂ ಒಳಗಿಡಿ. ಎರಡು ವಾರ ಮುಟ್ಟದೆ ಬಿಡಿ. ಆಮೇಲೆ ಕಾಗದ ನೋಡಿ. ಹೊಸ ಹಸಿರು ಪುಡಿ ಉದುರಿಲ್ಲದಿದ್ದರೆ ಒಣಗಿಸಿಡುವುದೇ ಸದ್ಯಕ್ಕೆ ಚಿಕಿತ್ಸೆ. ಉದುರಿದ್ದರೆ ಆ ನಾಣ್ಯವನ್ನು ಲೋಹದ ಪ್ರಾಚ್ಯವಸ್ತುಗಳ ಸಂರಕ್ಷಣೆ ಬಲ್ಲವರ ಕೈಗೆ ಕೊಡಬೇಕು. ಒಳಗಿನ ಕ್ಲೋರೈಡ್ ಹೊರಬರಲು ಸೋಡಿಯಂ ಸೆಸ್ಕ್ವಿಕಾರ್ಬೊನೇಟ್ ಎಂಬ ಲವಣದ ದ್ರಾವಣದಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನೆನೆಸಬೇಕಾಗುತ್ತದೆ. ಇನ್ನೊಂದು ದಾರಿಯಾದ ಬೆಂಜೊಟ್ರಯಜೋಲ್ ಎಂಬ ರಾಸಾಯನಿಕ ವಿಷಕಾರಿ, ಅದನ್ನು ಮನೆಯ ಮೇಜಿನ ಮೇಲೆ ತೆರೆಯಬಾರದು.

ಉಳಿದ 139ರಲ್ಲಿ ಬರಿಗೈ ಸಲ್ಲದವನ್ನು ಬಿಟ್ಟು ಮಿಕ್ಕವನ್ನು ಇಂದು ಸಂಜೆಯೇ ಹೊರತೆಗೆಯಬಹುದು. ಅಂಚು ನೆಗ್ಗಿದ ಆ ನಾಣ್ಯವನ್ನು ಮಾತ್ರ ಬಡಿದು ಸರಿಮಾಡಲು ಹೋಗಬೇಡಿ.